ಅತ್ತೆ ಮದುವೆಯ ಕ್ಯಾಸೆಟ್ಟು, ಎರಡು ಡಿವಿಡಿ

"ಈಗ ಯಾರು ಮಾರಾಯ್ರೆ ಡಿವಿಡಿ ನೋಡುದು?" ಎಂದು ನಮ್ಮನ್ನು ಕೇಳದವರಿಲ್ಲ. ಹಾಸ್ಟೆಲಿನವರು ಕೇಳಿದರು, ಲ್ಯಾಬಿನ ಸರ್ ಕೇಳಿದರು, ಕೊನೆಗೆ ಖಾಲಿ ಡಿಸ್ಕ್ ಮಾರಿದ ಅಂಗಡಿಯವರೂ ಕೇಳಿದರು. ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಆಯ್ತಲ್ಲ, ಇಲ್ಲದಿದ್ದರೆ ಎಲ್ಲಾದರೂ ಅಪ್‌ಲೋಡ್ ಮಾಡಿ ಲಿಂಕ್ ಕಳಿಸಿದರೆ ಆಯ್ತಲ್ಲ ಎಂದರು. ಆಗುತ್ತದೆ. ಆದರೂ ನಾವು ಡಿವಿಡಿಯನ್ನೇ ಮಾಡಿದೆವು. ಯಾಕೆ ಮಾಡಿದೆವು, ಹೇಗೆ ಮಾಡಿದೆವು, ಅದರಲ್ಲಿ ಏನನ್ನು ಕತ್ತರಿಸದೆ ಬಿಟ್ಟೆವು ಎಂದು ಹೇಳಲಿಕ್ಕೆ ಈ ಲೇಖನ. ಮನೆಯಲ್ಲಿ ಹಳೆ ವಿಡಿಯೊ ಕ್ಯಾಸೆಟ್ ಇರುವವರಿಗೆ ಸ್ವಲ್ಪ ಉಪಯೋಗಕ್ಕೂ ಬಂದೀತು.

ನಾವು ಅಂದರೆ ಮೂವರು. ಇಬ್ಬರು ಅಕ್ಕ ತಂಗಿ, ಇನ್ನೊಬ್ಬ ದೊಡ್ಡಪ್ಪನ ಮಗ. ಮೂವರೂ ಇದೇ ಕಾಲೇಜು: ಇ ಆಂಡ್ ಸಿ, ಕಂಪ್ಯೂಟರ್ ಸೈನ್ಸ್, ಮೆಕ್ಯಾನಿಕಲ್. ಮೂವರೂ ಬೋಳಾರದ ಒಂದೇ ಹಂಚಿನ ಮನೆಯ ಮೊಮ್ಮಕ್ಕಳು. ಆ ಮನೆ ಈಗ ಇಲ್ಲ. ಅಲ್ಲಿ ಫ್ಲ್ಯಾಟ್ ಎದ್ದಿದೆ, ಅದರ ಎರಡನೇ ಮಹಡಿಯಲ್ಲಿ ಅಜ್ಜಿ ಸಣ್ಣ ಮಗನ ಜತೆ ಇದ್ದಾರೆ. ದೊಡ್ಡ ಮಗನ ಮನೆ ಕುಲಶೇಖರದಲ್ಲಿ. ಜಾಗವನ್ನು ಬಿಲ್ಡರಿಗೆ ಕೊಡುವಾಗ ಶುರುವಾದ ಚರ್ಚೆ ಪಾಲಿನ ಹೊತ್ತಿಗೆ ಮಾತು ಬಿಡುವಲ್ಲಿಗೆ ಮುಟ್ಟಿತು. ಹತ್ತು ವರ್ಷದ ಮೇಲಾಯಿತು. ನೆಂಟರ ಮದುವೆ, ಗೃಹಪ್ರವೇಶಕ್ಕೆ ಇಬ್ಬರೂ ಹೋಗುತ್ತಾರೆ, ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ನಮ್ಮಲ್ಲಿ ಇಬ್ಬರಿಗೆ ಅಪ್ಪ ಆದವರು ಇನ್ನೊಬ್ಬನಿಗೆ ಚಿಕ್ಕಪ್ಪ. ಗೊಂದಲ ಬೇಡ ಅಂತ ಇಲ್ಲಿ ದೊಡ್ಡವರು, ಸಣ್ಣವರು ಎಂದೇ ಬರೆಯುತ್ತೇವೆ. ಅಜ್ಜಿ ಕರೆಯುವುದೂ ದೊಡ್ಡವ, ಸಣ್ಣವ ಎಂದೇ.

ಇವರಿಬ್ಬರ ತಂಗಿ ನಮ್ಮ ಅತ್ತೆ. ಮದುವೆ ಆದದ್ದು 1994ರಲ್ಲಿ, ಅಂದಿನಿಂದ ಮಸ್ಕತ್‌ನಲ್ಲಿ. 2024ಕ್ಕೆ ಮೂವತ್ತು ವರ್ಷ. ನವರಾತ್ರಿಗೆ ಊರಿಗೆ ಬರುತ್ತೇನೆ ಎಂದಾಗ, ಅವರ ಮದುವೆಯ ಕ್ಯಾಸೆಟ್ಟನ್ನು ಸರಿ ಮಾಡಿ ಉಡುಗೊರೆ ಕೊಡುವ ಎಂದು ನಮಗೆ ಹೊಳೆಯಿತು. ಅತ್ತೆಗೆ ಒಂದು ಸೆಟ್ಟು, ಎರಡು ಮನೆಗೆ ಒಂದೊಂದು. ಅಜ್ಜಿಯ ಟಿವಿಯ ಕೆಳಗೆ ಯಕ್ಷಗಾನದ ಡಿಸ್ಕ್ ನೋಡಲು ತಂದ ಪ್ಲೇಯರ್ ಇನ್ನೂ ಉಂಟು. ಅದರ ರಿಮೋಟಿನಲ್ಲಿ ಯಾವ ಬಟನ್ ಎಲ್ಲಿದೆ ಎಂದು ಅಜ್ಜಿಗೆ ಕಣ್ಣು ಮುಚ್ಚಿದರೂ ಗೊತ್ತು. ಡಿವಿಡಿಯೇ ಆಗಬೇಕು ಅನ್ನಲಿಕ್ಕೆ ಅದು ಮೊದಲನೇ ಕಾರಣ. ಉಳಿದ ಎರಡು ಕಾರಣ ಮುಂದೆ ಬರುತ್ತವೆ.

ಕಪಾಟಿನಲ್ಲಿ ಸಿಕ್ಕಿದ್ದು ಎರಡು ವಿಎಚ್‌ಎಸ್ ಕ್ಯಾಸೆಟ್. ಒಂದು ಮದುವೆಯದ್ದು, ಮೂರು ಗಂಟೆಯದ್ದು. ಇನ್ನೊಂದರ ಮೇಲೆ ಮಾವನ ಅಕ್ಷರದಲ್ಲಿ "ಮನೆ, ನವರಾತ್ರಿ 96" ಎಂದಿತ್ತು. ಆಗ ಗಲ್ಫಿನಿಂದ ಬರುವವರ ಸಾಮಾನಿನಲ್ಲಿ ವಿಸಿಆರ್, ಹ್ಯಾಂಡಿಕ್ಯಾಮ್ ಇರುತ್ತಿದ್ದ ಕಾಲ. ಮಾವ ಬೋಳಾರದ ಮನೆಯಂಗಳದಲ್ಲಿ ಹ್ಯಾಂಡಿಕ್ಯಾಮ್ ಹಿಡಿದು ತೆಗೆದದ್ದನ್ನು ವಿಎಚ್‌ಎಸ್‌ಗೆ ಇಳಿಸಿ ಅಜ್ಜಿಗೆ ಕೊಟ್ಟು ಹೋಗಿದ್ದರು.

ಎರಡು ಕ್ಯಾಸೆಟ್ಟಿಗೂ ಬೂಸ್ಟು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ, ಬೋಳಾರಕ್ಕೆ ನದಿ ಸಮುದ್ರ ಎರಡೂ ಹತ್ತಿರ. ಮಳೆಗಾಲದಲ್ಲಿ ಚಪ್ಪಲಿಗೆ ಬೂಸ್ಟು ಹಿಡಿಯುವ ಊರಿನಲ್ಲಿ ಕ್ಯಾಸೆಟ್ಟನ್ನು ಬಿಡುತ್ತದೆಯೆ? ಕಿಟಕಿಯ ಹಾಗಿರುವ ಪ್ಲಾಸ್ಟಿಕ್‌ನಿಂದ ನೋಡಿದರೆ ಕಪ್ಪು ಟೇಪಿನ ಅಂಚಿಗೆ ಸುಣ್ಣ ತಾಗಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು.

ಇಂಥ ಕ್ಯಾಸೆಟ್ಟನ್ನು ಹಾಗೇ ವಿಸಿಆರ್‌ಗೆ ಹಾಕಬಾರದು. ಯಾಕೆಂದರೆ ಅದರ ಒಳಗಿನ ಕೆಲಸ ಬಹಳ ಸೂಕ್ಷ್ಮ. 1976ರಲ್ಲಿ ಜೆವಿಸಿ ಕಂಪೆನಿ ಜಪಾನಿನಲ್ಲಿ ಹೊರತಂದ ಈ ಪದ್ಧತಿಯಲ್ಲಿ ಟೇಪಿನ ಅಗಲ ಅರ್ಧ ಇಂಚು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅದು ಓಡುವುದು ಸೆಕೆಂಡಿಗೆ ಸುಮಾರು 2.3 ಸೆಂಟಿಮೀಟರ್ ಮಾತ್ರ. ಇಷ್ಟು ನಿಧಾನ ಓಡುವ ಟೇಪಿನಲ್ಲಿ ಚಿತ್ರ ಹಿಡಿಸಬೇಕಾದರೆ ಒಳಗಿನ ಡ್ರಮ್ಮು ನಿಮಿಷಕ್ಕೆ 1,500 ಸುತ್ತು ತಿರುಗುತ್ತ ಟೇಪಿನ ಮೇಲೆ ಓರೆಯಾಗಿ ಗೆರೆ ಎಳೆಯುತ್ತ ಹೋಗುತ್ತದೆ. ಒಂದು ಗೆರೆಗೆ ಅರ್ಧ ಚಿತ್ರ. ಸೆಕೆಂಡಿಗೆ 50 ಗೆರೆ, 25 ಚಿತ್ರ. ಆ ಡ್ರಮ್ಮಿನ ಹೆಡ್‌ಗೆ ಬೂಸ್ಟು ಮೆತ್ತಿಕೊಂಡರೆ ಪರದೆಯ ಮೇಲೆ ಬರೀ ಹಿಮ.

ನಮ್ಮ ಮೆಕ್ಯಾನಿಕಲ್‌ನವ ಮೂಗಿಗೆ ಮಾಸ್ಕ್ ಕಟ್ಟಿ ಬಾಲ್ಕನಿಯಲ್ಲಿ ಕೂತು ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿದ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಟೇಪನ್ನು ಅದರ ನಡುವೆ ಹಾಯಿಸುತ್ತ ಕೈಯಲ್ಲೇ ಸುತ್ತಿದೆವು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ 250 ಮೀಟರ್‌ಗಿಂತ ಹೆಚ್ಚು ಟೇಪು ಇರುತ್ತದೆ. ಎರಡು ಭಾನುವಾರ ಅದಕ್ಕೇ ಹೋಯಿತು. ಆಮೇಲೆ ಬೇರೊಂದು ಕ್ಯಾಸೆಟ್ಟಿನ ಚೊಕ್ಕ ಡಬ್ಬಿಯೊಳಗೆ ಅದನ್ನು ಕೂರಿಸಿದೆವು.

ವಿಸಿಆರ್ ಹುಡುಕಿದ್ದು ಇನ್ನೊಂದು ಕಥೆ. ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪೆನಿ 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಅಲ್ಲಿಂದ ಈಚೆಗೆ ಇರುವುದೆಲ್ಲ ಹಳೇದೇ. ನೆಂಟರ ಮನೆಯ ಅಟ್ಟದಲ್ಲಿ ಒಂದು ಸಿಕ್ಕಿತು, ತಿರುಗುವುದಿಲ್ಲ. ಒಬ್ಬರು ಹಿರಿಯ ಮೆಕ್ಯಾನಿಕ್ ಬೆಲ್ಟ್ ಬದಲಿಸಿ, ರಬ್ಬರ್ ಚಕ್ರ ಒರೆಸಿ ಕೊಟ್ಟರು. "ಬೆಲ್ಟ್ ಸಿಗ್ತದೆ ಮಕ್ಕಳೆ, ಹೆಡ್ ಹೋದ್ರೆ ಮತ್ತೆ ಇಲ್ಲ. ಓಡುವಾಗ್ಲೇ ಹಿಡ್ಕೊಳ್ಳಿ" ಎಂದರು. ದುಡ್ಡು ಕೇಳಿದ್ದು ಬೆಲ್ಟಿನದ್ದು ಮಾತ್ರ.

ಹಿಡಿದುಕೊಳ್ಳುವುದೂ ಸುಲಭ ಇರಲಿಲ್ಲ. ಹಳೆ ಟೇಪಿನಿಂದ ಬರುವ ಸಿಗ್ನಲ್ಲಿನಲ್ಲಿ ಗೆರೆಗಳ ಕಾಲ ಆಚೀಚೆ ಆಗುತ್ತದೆ. ಟಿವಿ ಅದನ್ನು ಸಹಿಸಿಕೊಳ್ಳುತ್ತದೆ, ಕಂಪ್ಯೂಟರಿಗೆ ಹಾಕುವ ಯುಎಸ್‌ಬಿ ಕ್ಯಾಪ್ಚರ್ ಸಾಧನ ಸಹಿಸುವುದಿಲ್ಲ, ನಡುನಡುವೆ ಫ್ರೇಮ್ ಬಿಟ್ಟುಬಿಡುತ್ತದೆ. ಆಗ ಪುರೋಹಿತರ ಬಾಯಿ ಈಗ ಆಡಿದರೆ ಮಂತ್ರ ಆಮೇಲೆ ಕೇಳುತ್ತದೆ. ಇದಕ್ಕೆ ಟೈಮ್ ಬೇಸ್ ಕರೆಕ್ಟರ್ ಬೇಕು, ಅದು ನಮ್ಮ ಕೈಗೆಟುಕುವ ಸಾಮಾನಲ್ಲ. ನಡುವೆ ಹಳೆಯದೊಂದು ಡಿವಿಡಿ ರೆಕಾರ್ಡರ್ ಇಟ್ಟು ಅದರ ಮೂಲಕ ಸಿಗ್ನಲ್ ಹಾಯಿಸಿದೆವು. ಅದರೊಳಗೆ ಚಿತ್ರವನ್ನು ಒಮ್ಮೆ ಶೇಖರಿಸಿ ಸರಿಯಾದ ತಾಳದಲ್ಲಿ ಹೊರಗೆ ಬಿಡುವ ವ್ಯವಸ್ಥೆ ಇತ್ತು. ತುಟಿಯೂ ಮಾತೂ ಕೂಡಿ ಬಂದವು.

ಇಷ್ಟರವರೆಗೆ ಎಲ್ಲ ಲ್ಯಾಬ್ ರೆಕಾರ್ಡಿನಲ್ಲಿ ಬರೆಯಬಹುದಾದ ವಿಷಯ. ಚಿತ್ರ ನೋಡಲು ಕೂತ ಮೇಲೆ ನಮಗೆ ಬೇರೆಯೇ ಕೆಲಸ ಎದುರಾಯಿತು.

ಮದುವೆಯ ಕ್ಯಾಸೆಟ್ಟು ಆ ಕಾಲದ ಎಲ್ಲ ಮದುವೆಯ ಕ್ಯಾಸೆಟ್ಟಿನ ಹಾಗೆಯೇ ಇದೆ. ಹೃದಯದ ಆಕಾರದೊಳಗೆ ಗಂಡು ಹೆಣ್ಣಿನ ಮುಖ, ಮೇಲಿನಿಂದ ಹೂ ಉದುರುವ ಎಫೆಕ್ಟು, ಉದ್ದಕ್ಕೂ ಸಿನಿಮಾ ಹಾಡು. ಸ್ಟುಡಿಯೊದವರು ಮೂಲ ಧ್ವನಿಯನ್ನು ಪೂರ್ತಿ ಅಳಿಸಿ ಹಾಡು ಕೂರಿಸಿದ್ದಾರೆ. ಮೂರು ಗಂಟೆ ಹತ್ತಿರ ಹತ್ತಿರ ಇಡೀ ಊರು ಬಾಯಾಡಿಸುತ್ತದೆ, ಒಬ್ಬರ ಮಾತೂ ಕೇಳುವುದಿಲ್ಲ. ಕ್ಯಾಮೆರಾ ಮಂಟಪ ಬಿಟ್ಟು ಕದಲುವುದು ಕಡಿಮೆ.

ನಾವು ಹುಡುಕುತ್ತಿದ್ದದ್ದು ಅಜ್ಜನನ್ನು. ಅಜ್ಜ ತೀರಿಕೊಂಡದ್ದು 2002ರಲ್ಲಿ. ನಾವು ಮೂವರೂ ಹುಟ್ಟಿದ್ದು ಅದರ ನಂತರ. ಗೋಡೆಯ ಮೇಲಿನ ಫೋಟೊ ಒಂದೇ ನಮಗೆ ಗೊತ್ತಿರುವ ಅಜ್ಜ, ಅದು ಗುರುತಿನ ಚೀಟಿಗೆ ತೆಗೆದದ್ದನ್ನು ದೊಡ್ಡದು ಮಾಡಿಸಿದ್ದು. ಮಗಳ ಮದುವೆ ಅಂದ ಮೇಲೆ ಅಪ್ಪ ಇರಬೇಕಲ್ಲ? ಧಾರೆಯ ಹೊತ್ತಿನಲ್ಲಿ ಇದ್ದಾರೆ, ಆದರೆ ಪುರೋಹಿತರ ಬೆನ್ನು ಅಡ್ಡ. ಆಮೇಲೆ ಎಲ್ಲೂ ಇಲ್ಲ. ಗ್ರೂಪ್ ಫೋಟೊ ನಿಲ್ಲುವಾಗಲೂ ಇಲ್ಲ.

ಅಜ್ಜಿಯನ್ನು ಕೂರಿಸಿ ಕೇಳಿದೆವು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು, "ಮಂಟಪ ಎಂತಕ್ಕೆ ನೋಡ್ತೀರಿ? ಅವರು ಅಲ್ಲಿ ಇರ್ಲಿಕ್ಕೆ ಪುರುಸೊತ್ತು ಎಲ್ಲಿತ್ತು? ಹಿಂದೆ ನೋಡಿ, ಹಿಂದೆ" ಎಂದರು. ಪರದೆಯ ಮೇಲೆ ಬಲ ಮೂಲೆಗೆ ಬೆರಳು ಇಟ್ಟರು. "ಅದಾ, ಹೆಗಲಿಗೆ ಬೈರಾಸು ಹಾಕಿದ್ದು."

ಅಲ್ಲಿಂದ ಕಾಣಲು ಶುರುವಾಯಿತು. ಬಾಗಿಲ ಸಂದಿನಲ್ಲಿ, ಊಟದ ಸಾಲಿನ ಕೊನೆಯಲ್ಲಿ, ನೀರಿನ ಹಂಡೆಯ ಪಕ್ಕ, ಯಾರದ್ದೋ ಭುಜದ ಹಿಂದೆ. ಕಾಗದದಲ್ಲಿ ಗಂಟೆ ನಿಮಿಷ ಬರೆದುಕೊಂಡೆವು. 2 ಗಂಟೆ 55 ನಿಮಿಷದಲ್ಲಿ ಹನ್ನೊಂದು ಸಲ, ಎಲ್ಲ ಕೂಡಿಸಿದರೆ ಎರಡು ನಿಮಿಷ ಇಲ್ಲ. ಒಮ್ಮೆ ಮಾತ್ರ ಲೈಟ್ ಹಿಡಿದ ಹುಡುಗ ಆ ಕಡೆ ತಿರುಗಿದಾಗ ಅಜ್ಜ ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾರೆ. ಖರ್ಚೆಲ್ಲ ಮಾಡಿದವರು ಅವರು, ಕ್ಯಾಮೆರಾದವರಿಗೆ ದುಡ್ಡು ಕೊಟ್ಟವರೂ ಅವರೇ.

ಇದು ಗೊತ್ತಾದ ಮೇಲೆ ಇಂಜಿನಿಯರಿಂಗ್ ಲೆಕ್ಕ ಬದಲಾಯಿತು. ಹಳೆ ಟೇಪಿನ ಚಿತ್ರದಲ್ಲಿ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ನಾಯ್ಸ್ ಇರುತ್ತದೆ. ಅದನ್ನು ತೆಗೆಯುವ ಫಿಲ್ಟರ್ ಹಿಂದುಮುಂದಿನ ಫ್ರೇಮುಗಳನ್ನೂ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನೂ ಕೂಡಿಸಿ ಸರಾಸರಿ ತೆಗೆಯುತ್ತದೆ. ದೊಡ್ಡದಾಗಿ, ಸ್ಥಿರವಾಗಿ ಕಾಣುವುದು ಉಳಿಯುತ್ತದೆ. ಸಣ್ಣದಾಗಿ ಕದಲುವುದನ್ನು ಅದು ಕಸ ಎಂದುಕೊಳ್ಳುತ್ತದೆ. ಎರಡು ನಿಮಿಷದ ಸ್ಯಾಂಪಲ್‌ಗೆ ಫಿಲ್ಟರ್ ಹಾಕಿ ನೋಡಿದೆವು. ಮದುಮಗಳ ಸೀರೆಯ ಜರಿ ಹೊಸತರ ಹಾಗೆ ಹೊಳೆಯಿತು. ಹಿಂದಿನ ಬಾಗಿಲಲ್ಲಿ ಹನ್ನೆರಡು ಪಿಕ್ಸೆಲ್ ಅಗಲ ಇದ್ದ ಅಜ್ಜನ ಮುಖ ಗೋಡೆಯ ಬಣ್ಣಕ್ಕೆ ಸೇರಿಹೋಯಿತು. ನುಚ್ಚಿನ ಜತೆ ಅಜ್ಜನೂ ಹೋದರು.

ಫಿಲ್ಟರ್ ಬೇಡ ಎಂದು ತೀರ್ಮಾನ ಆಯಿತು. ಆದರೆ ನಾಯ್ಸ್ ಉಳಿಸಿದರೆ ಅದಕ್ಕೆ ಬೆಲೆ ಉಂಟು. ಡಿವಿಡಿಯಲ್ಲಿ ಚಿತ್ರ ಇರುವುದು ಎಂಪೆಗ್-2 ಪದ್ಧತಿಯಲ್ಲಿ. ಒಂದು ಪೂರ್ತಿ ಚಿತ್ರ ಇಟ್ಟುಕೊಂಡು, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತ ಹೋಗುವುದು ಅದರ ಉಪಾಯ. ನಾಯ್ಸ್ ಪ್ರತಿ ಫ್ರೇಮಿನಲ್ಲಿ ಹೊಸತು, ಮೊದಲೇ ಊಹಿಸಲು ಬರುವುದಿಲ್ಲ. ಬಿಟ್ಟುಗಳನ್ನೆಲ್ಲ ಅದೇ ತಿಂದುಹಾಕುತ್ತದೆ.

ಲೆಕ್ಕ ಹೀಗೆ. 720ಕ್ಕೆ 576 ಪಿಕ್ಸೆಲ್, ಪಿಕ್ಸೆಲ್ಲಿಗೆ ಎರಡು ಬೈಟ್, ಸೆಕೆಂಡಿಗೆ 25 ಫ್ರೇಮ್: ಕುಗ್ಗಿಸದೆ ಇಟ್ಟರೆ ಒಂದು ಗಂಟೆಗೆ ಸುಮಾರು 75 ಜಿಬಿ. ಎರಡೂ ಕ್ಯಾಸೆಟ್ ಸೇರಿ 3 ಗಂಟೆ 40 ನಿಮಿಷ, ಅಂದರೆ 274 ಜಿಬಿ. ಡಿಸ್ಕಿನ ಹೊಟ್ಟೆ 4.7 ಜಿಬಿ. ಎಲ್ಲವನ್ನೂ ಒಂದೇ ಡಿಸ್ಕಿಗೆ ತುರುಕಿದರೆ ಸೆಕೆಂಡಿಗೆ 28 ಲಕ್ಷ ಬಿಟ್ ಬರುತ್ತದೆ, ಈ ನಾಯ್ಸಿಗೆ ಅದು ಸಾಲದು, ಚಿತ್ರ ಚೌಕ ಚೌಕ ಒಡೆಯುತ್ತದೆ. ಎರಡು ಡಿಸ್ಕಿಗೆ ಹಂಚಿದರೆ 57 ಲಕ್ಷ. ಮೂಲೆಯ ಮುಖ ನಿಲ್ಲುತ್ತದೆ. ಅಜ್ಜನನ್ನು ಉಳಿಸಲು ಸೆಟ್ಟಿಗೆ ಒಂದು ಡಿಸ್ಕ್ ಹೆಚ್ಚು, ಅಷ್ಟೇ. ಇಂಟರ್‌ಲೇಸಿಂಗನ್ನೂ ನಾವು ಮುಟ್ಟಲಿಲ್ಲ. 50 ಅರ್ಧ ಚಿತ್ರಗಳನ್ನು ಡಿವಿಡಿ ಹಾಗೆಯೇ ಒಪ್ಪುತ್ತದೆ, ಅವುಗಳ ಕ್ರಮ ಸರಿ ಕೊಟ್ಟರೆ ಸಾಕು.

ಎರಡನೇ ತೊಡಕು ಬಿಟ್ಟಿನದ್ದಲ್ಲ.

ಮದುವೆಯ ಹಿಂದಿನ ಸಂಜೆ ಮನೆಯಂಗಳದಲ್ಲಿ ಮದರಂಗಿ. ಅದರಲ್ಲಿ ನಾಲ್ಕು ನಿಮಿಷದ ಒಂದು ಭಾಗ ಉಂಟು. ಊಟಕ್ಕೆ ಬಾಡಿಗೆ ಬೆಂಚು ಬಂದಿದೆ. ದೊಡ್ಡವರು ಒಂದು ತುದಿ, ಸಣ್ಣವರು ಇನ್ನೊಂದು ತುದಿ ಹಿಡಿದು ಗೇಟಿನಿಂದ ಚಪ್ಪರಕ್ಕೆ ಒಂದೊಂದಾಗಿ ಸಾಗಿಸುತ್ತಿದ್ದಾರೆ. ಇಬ್ಬರಿಗೂ ಆಗ ಇಪ್ಪತ್ತು ಚಿಲ್ಲರೆ ವಯಸ್ಸು, ಇಬ್ಬರಿಗೂ ತುಂಬಾ ಕೂದಲು. ಮೂರನೇ ಬೆಂಚಿಗೆ ಸಣ್ಣವರು ಏನೋ ಹೇಳುತ್ತಾರೆ, ದೊಡ್ಡವರು ನಗು ತಡೆಯಲಾರದೆ ಬೆಂಚನ್ನು ನೆಲಕ್ಕಿಟ್ಟು ಅದರ ಮೇಲೇ ಕೂತುಬಿಡುತ್ತಾರೆ. ಏನು ಹೇಳಿದರು ಎಂದು ಕೇಳುವುದಿಲ್ಲ, ಸಿನಿಮಾ ಹಾಡು.

ನಾವು ಡಿವಿಡಿ ಮಾಡುವ ಸುದ್ದಿ ಎರಡೂ ಮನೆಗೆ ಗೊತ್ತಾಗಿತ್ತು. ಸಣ್ಣವರು ಒಂದು ದಿನ ಊಟ ಮಾಡುತ್ತ, "ಆ ಮದರಂಗಿದು ಅಷ್ಟು ಉದ್ದ ಎಂತಕ್ಕೆ? ಬೋರ್ ಆಗ್ತದೆ. ಸ್ವಲ್ಪ ಕಟ್ ಮಾಡಿ" ಎಂದರು. ಅದೇ ವಾರ ಕುಲಶೇಖರದಲ್ಲಿ ದೊಡ್ಡವರು ಮಗನಿಗೆ, "ಎಲ್ಲ ಹಾಕ್ಬೇಕು ಅಂತ ಇಲ್ಲ. ಮದುವೆದು ಇದ್ರೆ ಸಾಕು, ಹಿಂದಿನ ದಿನದ್ದು ಬಿಡು" ಎಂದರು. ಹತ್ತು ವರ್ಷದಲ್ಲಿ ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೇ ಮೊದಲು, ಒಬ್ಬರಿಗೆ ಇನ್ನೊಬ್ಬರದ್ದು ಗೊತ್ತಿಲ್ಲ.

ಹಿರಿಯರ ಮಾತು ಮೀರುವುದು ಹೇಗೆ? ಉಡುಗೊರೆ ಕೊಡಲು ಹೋಗಿ ಮನೆಯಲ್ಲಿ ಇನ್ನೊಂದು ಮಾತು ಬೆಳೆದರೆ? ಕಂಪ್ಯೂಟರ್ ಸೈನ್ಸಿನವಳು ಎರಡು ಪ್ರತಿ ಮಾಡುವ ಎಂದಳು, ಪ್ರತಿಯೊಂದು ಮನೆಗೆ ಬೇರೆ ಬೇರೆ ಕತ್ತರಿಸಿದ್ದು. ಮೆಕ್ಯಾನಿಕಲ್‌ನವ ಹಾಗಾದರೆ ಅತ್ತೆಗೆ ಯಾವುದು ಕೊಡುವುದು ಎಂದ. ಉತ್ತರ ಇರಲಿಲ್ಲ. ವಿಷಯವನ್ನು ಅಜ್ಜಿಯ ಎದುರು ಇಟ್ಟೆವು.

ಅಜ್ಜಿ ಆ ನಾಲ್ಕು ನಿಮಿಷವನ್ನು ಎರಡು ಸಲ ನೋಡಿದರು. ಮಾತಾಡುವುದು ತುಳುವಿನಲ್ಲಿ, ನಾವು ಕನ್ನಡದಲ್ಲಿ ಬರೆಯುತ್ತಿದ್ದೇವೆ. "ದೊಡ್ಡವನನ್ನು ತೆಗೆದ್ರೆ ಬೆಂಚು ಬೀಳ್ತದೆ. ಸಣ್ಣವನನ್ನು ತೆಗೆದ್ರೂ ಬೀಳ್ತದೆ. ಬೆಂಚು ಇಲ್ಲದಿದ್ರೆ ಅಷ್ಟು ಜನ ಊಟಕ್ಕೆ ಎಲ್ಲಿ ಕೂರುದು?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕಟ್ ಮಾಡ್ಬೇಡಿ. ಕೇಳಿದ್ರೆ ನಾನು ಹೇಳಿದ್ದು ಅಂತ ಹೇಳಿ."

ಅದೇ ದಿನ ನಮಗೆ ಇನ್ನೊಂದು ಯೋಚನೆ ಬಂತು. ಅಜ್ಜಿ ಇಲ್ಲದೆ ಈ ಚಿತ್ರ ನೋಡಿದರೆ ಅರ್ಧಕ್ಕರ್ಧ ಜನ ಯಾರೆಂದೇ ಗೊತ್ತಾಗುವುದಿಲ್ಲ. ನಮಗೇ ಗೊತ್ತಿಲ್ಲ, ನಮ್ಮ ನಂತರದವರಿಗೆ ಎಲ್ಲಿಂದ? ಡಿವಿಡಿಯ ಎರಡನೇ, ಮೂರನೇ ಕಾರಣ ಇಲ್ಲಿದೆ. ಒಂದು ಡಿವಿಡಿಯಲ್ಲಿ ಎಂಟು ಧ್ವನಿಪಟ್ಟಿ, 32 ಸಬ್‌ಟೈಟಲ್ ಪಟ್ಟಿ ಇಡಬಹುದು. ಸಬ್‌ಟೈಟಲ್ ಅಲ್ಲಿ ಅಕ್ಷರವಾಗಿ ಇರುವುದಿಲ್ಲ, ಪುಟ್ಟ ಚಿತ್ರವಾಗಿ ಇರುತ್ತದೆ. ಪೆನ್‌ಡ್ರೈವಿಗೆ ಕನ್ನಡ ಸಬ್‌ಟೈಟಲ್ ಹಾಕಿ ನಮ್ಮ ಟಿವಿಗೆ ಚುಚ್ಚಿದಾಗ ಒತ್ತಕ್ಷರದ ಜಾಗದಲ್ಲೆಲ್ಲ ಬರೀ ಡಬ್ಬಿಗಳು ಕಂಡವು. ಡಿವಿಡಿಯಲ್ಲಿ ಆ ತೊಂದರೆ ಇಲ್ಲ, ಇಪ್ಪತ್ತು ವರ್ಷ ಹಳೆಯ ಪ್ಲೇಯರಿನಲ್ಲೂ ಕನ್ನಡ ನೆಟ್ಟಗೆ ಬರುತ್ತದೆ.

ಹಾಗಾಗಿ ಸಬ್‌ಟೈಟಲಿನಲ್ಲಿ ಜನರ ಹೆಸರು ಮತ್ತು ಅವರು ನಮಗೆ ಏನಾಗಬೇಕು ಎಂಬುದು. ಎರಡನೇ ಧ್ವನಿಪಟ್ಟಿಯಲ್ಲಿ ಅಜ್ಜಿಯ ಮಾತು. ರಿಮೋಟಿನಲ್ಲಿ ಆಡಿಯೊ ಬಟನ್ ಒತ್ತಿದರೆ ಸಿನಿಮಾ ಹಾಡು ಹೋಗಿ ಅಜ್ಜಿ ಬರುತ್ತಾರೆ.

ಒಂಬತ್ತು ಸಂಜೆ ರೆಕಾರ್ಡ್ ಮಾಡಿದೆವು. ಕಾಲರ್ ಮೈಕ್, ಫೋನು, ಎದುರಿಗೆ ಲ್ಯಾಪ್‌ಟಾಪ್. ಅಜ್ಜಿ ಮೊದಲ ದಿನ ನಾಚಿಕೊಂಡರು, ಎರಡನೇ ದಿನದಿಂದ ನಮಗೆ ಬಾಯಿ ಹಾಕಲು ಬಿಡಲಿಲ್ಲ. ಯಾರ ಸೀರೆ ಯಾರದ್ದು, ಯಾರು ಊಟ ಮಾಡದೆ ಸಿಟ್ಟು ಮಾಡಿ ಹೋದರು, ಕೋರಿ ರೊಟ್ಟಿಗೆ ಎಷ್ಟು ಕೋಳಿ ಬಂತು, ಪಾಯಸ ಎಷ್ಟನೇ ಪಂಕ್ತಿಗೆ ಮುಗಿಯಿತು, ಎಲ್ಲ. ಅಂಗಳದ ತೆಂಗಿನ ಮರಗಳ ನಡುವೆ ಒಂದು ಎತ್ತರದ ಚಿಮಣಿ ಕಾಣುತ್ತದೆ. ಅಜ್ಜ ಕೆಲಸಕ್ಕಿದ್ದ ಹಂಚಿನ ಕಾರ್ಖಾನೆಯದ್ದು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದನ್ನು ನಾವು ಶಾಲೆಯಲ್ಲಿ ಓದಿದ್ದೆವು. ಆಮೇಲೆ ಈ ಕಡೆಯೆಲ್ಲ ಅಂಥ ಕಾರ್ಖಾನೆಗಳಾದವು. ಆದರೆ ಭಟ್ಟಿಯ ಕೆಲಸ ಮುಗಿಸಿ ಬಂದ ಅಜ್ಜನ ಅಂಗಿಯನ್ನು ಬೇರೆಯೇ ಬಾಲ್ದಿಯಲ್ಲಿ ನೆನೆಸಬೇಕಿತ್ತು, ಇಲ್ಲದಿದ್ದರೆ ಮಕ್ಕಳ ಬಿಳಿ ಯೂನಿಫಾರ್ಮ್ ಕೆಂಪಾಗುತ್ತಿತ್ತು ಎಂಬುದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಎರಡನೇ ಕ್ಯಾಸೆಟ್ಟು 45 ನಿಮಿಷದ್ದು. ಇದಕ್ಕೆ ಸ್ಟುಡಿಯೊದವರ ಕೈ ತಾಗಿಲ್ಲ, ಆದ್ದರಿಂದ ಧ್ವನಿ ಉಂಟು. ಮಂಗಳಾದೇವಿಯ ನವರಾತ್ರಿ. ಮಂಗಳೂರು ಎಂಬ ಹೆಸರು ಈ ದೇವಿಯಿಂದಲೇ ಬಂದದ್ದೆನ್ನುತ್ತಾರೆ, ದೇವಸ್ಥಾನ ಇರುವುದು ನಮ್ಮ ಬೋಳಾರದಲ್ಲಿ. ಮಾವ ರಥ ಮಾರ್ನಮಿಕಟ್ಟೆಯ ಕಡೆ ಹೋಗುವುದನ್ನು ತೆಗೆದಿದ್ದಾರೆ, ಆಮೇಲೆ ಮನೆಯಂಗಳಕ್ಕೆ ಹುಲಿವೇಷದವರು ಬರುತ್ತಾರೆ. ತಾಸೆಯ ಪೆಟ್ಟಿಗೆ ಮೈಕು ಒಡೆದ ಹಾಗೆ ಸದ್ದು. ಕುಣಿತ ಮುಗಿಯುತ್ತದೆ. ಒಬ್ಬ ಹುಲಿ ಮುಖವಾಡ ತೆಗೆದು ಮೆಟ್ಟಿಲಲ್ಲಿ ಕೂತು ಏದುಸಿರು ಬಿಡುತ್ತಿದ್ದಾನೆ. ಅಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ಒಂದು ದಪ್ಪ ಸ್ವರ: "ಒಣಸ್ ಆಂಡಾ?"

ಊಟ ಆಯಿತಾ ಎಂದು ಕೇಳುವುದು, ಅಷ್ಟೇ. ಹುಲಿ ಇಲ್ಲ ಎಂದು ತಲೆ ಆಡಿಸುತ್ತದೆ. "ಹಾಗಾದ್ರೆ ಕೂತ್ಕೊ, ಬಣ್ಣ ಇದ್ರೆ ಇರ್ಲಿ" ಎಂಬರ್ಥದಲ್ಲಿ ಇನ್ನೊಂದು ಮಾತು. ಒಟ್ಟು ಎಂಟು ಸೆಕೆಂಡು. ಅಜ್ಜನ ಮುಖ ಅಲ್ಲಿ ಕಾಣುವುದೇ ಇಲ್ಲ. ಆ ಎಂಟು ಸೆಕೆಂಡಿಗೆ ಅಜ್ಜಿ ಎರಡನೇ ಧ್ವನಿಪಟ್ಟಿಯಲ್ಲಿ ಏನೂ ಹೇಳಲಿಲ್ಲ. ಅದನ್ನು ನಾವು ಹಾಗೆಯೇ ಬಿಟ್ಟೆವು. ಮೌನದ ಜಾಗಕ್ಕೆ ಮೂಲ ಧ್ವನಿಯನ್ನೇ ಕೂರಿಸಿದ್ದರಿಂದ ಯಾವ ಪಟ್ಟಿ ಹಾಕಿದರೂ ಅಜ್ಜ ಕೇಳುತ್ತಾರೆ.

ಉಳಿದದ್ದು ಚಿಕ್ಕಪುಟ್ಟ ಕೆಲಸ. ಡಿಸ್ಕ್ ಹಾಕಿದ ತಕ್ಷಣ ಮೆನು ಬಾರದೆ ಚಿತ್ರವೇ ಶುರುವಾಗುವ ಹಾಗೆ ಮಾಡಿದೆವು, ಅಜ್ಜಿಗೆ ಒಂದೇ ಬಟನ್ ಸಾಕು. ಮೆನು ಬೇಕಾದವರಿಗೆ ಬಟನ್ ಮೇಲೆ ಅಕ್ಷರದ ಬದಲು ಮುಖಗಳು. ಅಧ್ಯಾಯ ಭಾಗ ಮಾಡುವಾಗ ಅಜ್ಜ ಕಾಣುವ ಹನ್ನೊಂದು ಜಾಗಕ್ಕೂ ಒಂದೊಂದು ಗುರುತು. ಬರೆದದ್ದು 4ಎಕ್ಸ್ ವೇಗದಲ್ಲಿ, ಡಿಸ್ಕಿಗೆ ಸುಮಾರು 15 ನಿಮಿಷ. ಬರೆದ ಮೇಲೆ ಪ್ರತಿಯೊಂದನ್ನೂ ಅಜ್ಜಿಯ ಪ್ಲೇಯರಿನಲ್ಲೇ ಓಡಿಸಿ ನೋಡಿದೆವು. ಇಂಥ ಡಿಸ್ಕಿನಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ, ಬಿಸಿಲು ಸೆಕೆಗೆ ಅದು ಕೆಡಬಹುದು. ಆದ್ದರಿಂದ ಡಿವಿಡಿ ಉಡುಗೊರೆ ಮಾತ್ರ, ದಾಸ್ತಾನು ಅಲ್ಲ. ಕುಗ್ಗಿಸದ ಮೂಲ ಫೈಲು ಎರಡು ಹಾರ್ಡ್‌ಡಿಸ್ಕಿನಲ್ಲಿ ಉಂಟು, ಒಂದು ಬೋಳಾರದಲ್ಲಿ, ಒಂದು ಕುಲಶೇಖರದಲ್ಲಿ.

ಅತ್ತೆ ಬಂದರು, ನೋಡಿದರು. ಮೊದಲ ಡಿಸ್ಕನ್ನು ಹಾಡಿನ ಜತೆ ನೋಡಿ ಮಾವನನ್ನು ತಮಾಷೆ ಮಾಡಿದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಜ್ಜಿಯ ಪಟ್ಟಿ ಹಾಕಿ ಮತ್ತೊಮ್ಮೆ ನೋಡಿದರಂತೆ. ಹೋಗುವಾಗ ಡಿಸ್ಕನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಂಡರು.

ಸಣ್ಣವರು ಟಿವಿಯ ಎದುರು ಕೂರಲಿಲ್ಲ, ಆದರೆ ಮದರಂಗಿಯ ಭಾಗ ಬಂದಾಗ ಬಾಗಿಲ ಹತ್ತಿರ ನಿಂತಿದ್ದರು. ಕಟ್ ಮಾಡಿಲ್ಲವಾ ಎಂದು ಕೇಳಲಿಲ್ಲ. ಕುಲಶೇಖರದಿಂದ ಒಂದು ವಾರ ಯಾವ ಸುದ್ದಿಯೂ ಇಲ್ಲ. ಎಂಟನೇ ದಿನ ದೊಡ್ಡವರು ಮಗನನ್ನು ಕರೆದು, "ಬೆಂಚಿನ ಹಿಂದೆ ಸಟ್ಟುಗ ಹಿಡಿದು ನಿಂತವರಿಗೆ ನೀವು ಅಡುಗೆಯವರು ಅಂತ ಹಾಕಿದ್ದೀರಿ. ಅಡುಗೆಯವರಲ್ಲ ಅವರು, ಅಪ್ಪನ ಜತೆ ಕಾರ್ಖಾನೆಯಲ್ಲಿದ್ದವರು" ಎಂದರು. ಆ ಒಬ್ಬರ ಹೆಸರು ಅಜ್ಜಿಗೂ ನೆನಪಿರಲಿಲ್ಲ. ಇದನ್ನು ಬೋಳಾರದಲ್ಲಿ ಹೇಳಿದಾಗ ಸಣ್ಣವರು ತಟ್ಟನೆ, "ಎಂತ ಕಾರ್ಖಾನೆ? ಬೆಂಚಿನ ಅಂಗಡಿಯವರು ಅವರು. ಅವನಿಗೆ ಮರೆತಿದೆ" ಎಂದರು. ಅವನಿಗೆ! ಆ ಮನೆಯಲ್ಲಿ ಆ ಸರ್ವನಾಮ ಕೇಳದೆ ಎಷ್ಟು ವರ್ಷ ಆಗಿತ್ತೋ.

ಆಮೇಲೆ ಎರಡು ವಾರ ನಮ್ಮದು ಅಂಚೆಯವರ ಕೆಲಸ. ಕಾರ್ಖಾನೆಯವರಾದರೆ ಅವರ ಹೆಸರೇನು ಕೇಳು ಎಂದು ಇಲ್ಲಿಂದ. ಅಂಗಡಿಯವರಾದರೆ ಮನೆಯ ಸಟ್ಟುಗ ಯಾಕೆ ಹಿಡಿಯುತ್ತಾರೆ ಕೇಳು ಎಂದು ಅಲ್ಲಿಂದ. ಕೊನೆಗೆ ನಾವು ಮೂವರೂ ಕೂಡಿ, "ನಮಗೆ ಇಂಟರ್ನಲ್ಸ್ ಉಂಟು, ನೀವೇ ಫೋನ್ ಮಾಡಿ ಮಾತಾಡಿಕೊಳ್ಳಿ" ಎಂದು ಎರಡೂ ಕಡೆ ಹೇಳಿಬಿಟ್ಟೆವು.

ಮಾತಾಡಿದ್ದಾರೆ ಎಂದು ಅಜ್ಜಿ ಹೇಳುತ್ತಾರೆ. ಯಾರು ಮೊದಲು ಮಾಡಿದ್ದು ಎಂದು ಹೇಳುವುದಿಲ್ಲ. ಜಾಗದ ಮಾತು ಬರಲಿಲ್ಲವಂತೆ. ಬಂದರೆ ಏನಾಗುತ್ತದೋ ನಮಗೆ ಗೊತ್ತಿಲ್ಲ, ಅದಕ್ಕೆ ಯಾವ ಫಿಲ್ಟರೂ ಇಲ್ಲ. ಈ ಲೇಖನವನ್ನು ಕಳಿಸುವ ಮೊದಲು ಇಬ್ಬರಿಗೂ ಓದಿ ಹೇಳಿದೆವು. ಬೇಡ ಅನ್ನಲಿಲ್ಲ. ಇಬ್ಬರೂ ತಿದ್ದಲು ಹೇಳಿದ್ದು ಒಂದೇ ಜಾಗ, ಆ ಸಟ್ಟುಗದ ಮನುಷ್ಯರ ಜಾಗ, ಒಬ್ಬೊಬ್ಬರು ಒಂದೊಂದು ಥರ.

ನಿಮ್ಮ ಮನೆಯ ಕಪಾಟಿನಲ್ಲೂ ಇಂಥ ಕ್ಯಾಸೆಟ್ ಇದ್ದರೆ ಈ ಮಳೆಗಾಲಕ್ಕೆ ಮೊದಲೇ ತೆಗೆಯಿರಿ. ಸ್ಕ್ರೂ ಬಿಚ್ಚಲು, ಆಲ್ಕೊಹಾಲ್ ಹಚ್ಚಲು ನಾವು ಬಂದು ಹೇಳಿಕೊಡುತ್ತೇವೆ, ವಿಸಿಆರ್ ಕೂಡ ಉಂಟು. ಹೆಸರು ಹೇಳುವವರು ನಿಮ್ಮ ಮನೆಯಲ್ಲೇ ಇದ್ದಾರೆ, ಅವರನ್ನು ಮೊದಲು ಕೂರಿಸಿ. ನಮ್ಮ ಸಬ್‌ಟೈಟಲಿನಲ್ಲಿ ಆ ಒಂದು ಸಾಲು ಸದ್ಯಕ್ಕೆ ಖಾಲಿ ಉಂಟು. ಅಣ್ಣ ತಮ್ಮ ಇಬ್ಬರೂ ಒಪ್ಪಿದ ದಿನ ಎರಡನೇ ಆವೃತ್ತಿ ಬರುತ್ತದೆ.